ನೂರೊಂದು

ಸೊಹಾರಿನ ಈ ಹೆಣ್ಣುಮಕ್ಕಳ ಸರಕಾರಿ ಶಾಲೆಯಲ್ಲಿ
ನಾನು ಪಾಠ ಮಾಡುವವಳಲ್ಲ. ಗುತ್ತಿಗೆಯವಳು.
ಎಣಿಸುತ್ತೇನೆ.
ಹದಿನಾರು ವರ್ಷ, ಅಕ್ಷರಗಳನ್ನು ಬಲದಿಂದ ಎಡಕ್ಕೆ,
ಅಂಕಿಗಳನ್ನು ಮಾತ್ರ ಎಡದಿಂದ ಬಲಕ್ಕೆ.
ನಡುವೆ ಕಣ್ಣು ತಡೆದು ತಿರುಗುವ ಒಂದು ಜಾಗವಿದೆ;
ಸಂಬಳ ಅದಕ್ಕೇ.

ಒಟ್ಟು ನಾನೂರ ಹನ್ನೆರಡು ಹುಡುಗಿಯರು.
ಮೇಲಿನ ಮಹಡಿಯಲ್ಲಿ, ಏಸಿ ಗೊರಕೆ ಹೊಡೆಯದ ಒಂದೇ ಕೋಣೆಯಲ್ಲಿ,
ಪ್ರತಿಭಾವಂತರು: ಹತ್ತೊಂಬತ್ತು.
ರೋಬೋಟಿನ ಕೈ, ಸೂಕ್ಷ್ಮದರ್ಶಕ, ಚದುರಂಗ.
ಅವರು ಯಾರ ಮಕ್ಕಳು, ಮನೆಯಲ್ಲಿ ಯಾವ ಭಾಷೆ,
ಅಪ್ಪನಿಗೆ ಏನು ಕೆಲಸ,
ಗುರುವಾರದೊಳಗೆ ಬೇಕಂತೆ ಉಸ್ತಾದಾ ಝುವೈನಾಗೆ
ಬಣ್ಣಬಣ್ಣದ ದುಂಡು ಚಿತ್ರದಲ್ಲಿ,
ರೊಟ್ಟಿ ಹಂಚಿಟ್ಟ ಹಾಗೆ.

ಭಾಷೆಯ ಕಾಲಂ ಬೇಗ ಮುಗಿಯಿತು:
ಎಲ್ಲರೂ ಅರಬ್ಬಿ ಅಂತಲೇ ಬರೆದಿದ್ದಾರೆ.
ಮೆಟ್ಟಿಲಲ್ಲಿ ಜಗಳವಾದರೆ ಮಾತ್ರ ಬಲೂಚಿ,
ಅಜ್ಜಿಗೆ ಫೋನು ಹಚ್ಚಿದರೆ ಸ್ವಾಹಿಲಿ;
ಫಾರಂ ಎದುರು ಬಂದರೆ ಚಪ್ಪಲಿ ಹೊರಗೆ ಬಿಟ್ಟಂತೆ.
ನನಗಿದು ಹೊಸತಲ್ಲ. ಮಲ್ಪೆಯ ಶಾಲೆಯಲ್ಲಿ
ಮಾತೃಭಾಷೆ ಎಂಬಲ್ಲಿ ಮಾಷ್ಟ್ರು ಕೇಳದೆಯೇ ಕನ್ನಡ ಅಂದರು;
ತುಳು ನನ್ನ ಬುತ್ತಿಯೊಳಗೇ ಉಳಿಯಿತು.

ಅಪ್ಪಂದಿರು:
ಸರಕಾರಿ ಕಚೇರಿ ಏಳು. ಬಂದರು, ಕಾರ್ಖಾನೆ ಆರು.
ವ್ಯಾಪಾರ ನಾಲ್ಕು. ಪೊಲೀಸು ಎರಡು.
ಮೀನುಗಾರ ಎಂಬ ಸಾಲೂ ಇದೆ,
ಇಡೀ ಶಾಲೆಗೆ ಅರವತ್ತಮೂರು,
ಆ ಕೋಣೆಗೆ ಸೊನ್ನೆ.
ಇಲ್ಲಿಯ ಸೊನ್ನೆ ಬರೀ ಒಂದು ಚುಕ್ಕೆ,
ಕಾಗದದ ಮೇಲೆ ಕೂತ ನೊಣ. ಊದಿದರೆ ಹಾರೀತು.
ಚಿತ್ರ ಅದಕ್ಕೆ ಬಣ್ಣ ಕೊಡುವುದಿಲ್ಲ.

ಹಾಜರಿ ಪುಸ್ತಕ ತಂದಿಟ್ಟು ನಿಂತಳು ಏಳನೇ ಕ್ಲಾಸಿನ ಮಹ್ಲಬ್,
ಶಾಲಿನ ಅಂಚಿನಲ್ಲಿ ಒಣಮೀನಿನ ವಾಸನೆ.
ಬೂತಾಯಿ ಎಂಬ ಪದ ನಾನು ಅವಳಿಗೆ ಕೊಟ್ಟಿದ್ದೆ,
ಊಮಾ ಎಂಬುದನ್ನು ಅವಳು ನನಗೆ; ಮೀನು ಒಂದೇ.
ಪರದೆಯತ್ತ ಕಣ್ಣು ಹಾಯಿಸಿ, ಒಂದು ಸೀನಿನಷ್ಟು ಹೊತ್ತಿನಲ್ಲಿ,
"ಮಿಸ್, ನಿಮ್ಮದು ನೂರೊಂದಾಗಿದೆ."

ಶೇಕಡಾ ಮೂವತ್ತೇಳು, ಮೂವತ್ತೆರಡು,
ಇಪ್ಪತ್ತೊಂದು, ಹನ್ನೊಂದು.
ಕೂಡಿದೆ. ಮತ್ತೆ ಕೂಡಿದೆ. ಹೌದು.

"ಎಲ್ಲಿ ಕಲಿತೆ?"
"ಹರಾಜಿನಲ್ಲಿ. ಅಪ್ಪ ಕೂಗ್ತಾರೆ, ನಾನು ಬೆರಳು ಮಡಚ್ತೇನೆ."
"ಆಯ್ಕೆ ಪರೀಕ್ಷೆಗೆ ಕೂರಲಿಲ್ಲವಾ?"
"ಅವತ್ತು ಊಮಾ ಬಂದಿತ್ತು."
ಅಷ್ಟೇ. ಮಳೆ ಬಂದಿತ್ತು ಅನ್ನುವ ಹಾಗೆ.
ಹೆಸರು ಸೂಚಿಸಬೇಕಾದ ಟೀಚರು
ಅವಳ ಮುಂದೆ ಬರೆದದ್ದು ಎರಡೇ ಮಾತು: ಗೈರುಹಾಜರಿ ಹೆಚ್ಚು.

ದಶಾಂಶ ಕತ್ತರಿಸಿ ಅಂಕಿಯನ್ನು ಮೇಲಕ್ಕೆತ್ತುವಾಗ
ಒಂದು ಹೆಚ್ಚಾಗುವುದುಂಟು. ಯಾರ ತಪ್ಪೂ ಅಲ್ಲ.
ಏಳನ್ನು ಆರು ಮಾಡಿದರಾಯಿತು. ಬೆರಳು ಕೀಲಿಯ ಮೇಲೇ ಇತ್ತು.

ನಮ್ಮಲ್ಲಿ ಮದುವೆಯ ಮುಯ್ಯಿಗೆ ನೂರು ಯಾರೂ ಕೊಡುವುದಿಲ್ಲ.
ಸೊನ್ನೆಯಲ್ಲಿ ಮುಗಿಸಬಾರದು ಅಂತ
ಅಮ್ಮ ಸಾಸಿವೆ ಡಬ್ಬಿ ತಡಕಿ,
ಸೀರೆಗೆ ಒರೆಸಿ, ಒಂದು ನಾಣ್ಯ
ಲಕೋಟೆಯೊಳಗೆ ಬೀಳಿಸುತ್ತಿದ್ದಳು; ಟಣ್ ಎನ್ನುತ್ತಿರಲಿಲ್ಲ,
ನೋಟಿನ ಮೇಲೆ ಬೀಳುವ ನಾಣ್ಯಕ್ಕೆ ಸದ್ದಿಲ್ಲ.
ಇದನ್ನು ಮಹ್ಲಬಳಿಗೆ ಅರಬ್ಬಿಯಲ್ಲಿ ಹೇಳಹೊರಟೆ. ಮುಯ್ಯಿಗೇ ಸಿಕ್ಕಿಬಿದ್ದೆ.

ಗುರುವಾರ ಉಸ್ತಾದಾ ಕರೆದರು. "ಇದೇನಿದು, ನೂರೊಂದು?"
"ಗೊತ್ತು," ಅಂದೆ. "ಏಳನೇ ಕ್ಲಾಸಿನ ಹುಡುಗಿ ಹಿಡಿದಳು, ನಿಂತ ನಿಲುವಿನಲ್ಲಿ."
ಕನ್ನಡಕ ತೆಗೆದರು. "ಯಾವ ಹುಡುಗಿ?"
ಹೆಸರು ಹೇಳಿದೆ. ಅಪ್ಪನ ಹೆಸರು, ಅವನ ಕೆಲಸ ಕೂಡ.
ಚೀಟಿಯಲ್ಲಿ ಏನೋ ಗೀಚಿದರು,
ಮೇಲೆ ಚಹಾದ ಲೋಟ ಇಟ್ಟರು.
ಅಷ್ಟರಲ್ಲಿ ಗಂಟೆ. ಬಸ್ಸುಗಳು. ಬಾಗಿಲಿನತ್ತ ನಾನೂರ ಹನ್ನೆರಡು ಶಾಲು.
ಎಣಿಸಿದೆ, ಚಟ.
ಒಬ್ಬಳು ಕಡಿಮೆ ಇದ್ದಳು.
ಗಾಳಿ ಕಡಲಿನ ಕಡೆಯಿಂದ ಬೀಸುತ್ತಿತ್ತು.